ಕೊಲೆಗಾರನ ಮದುವೆಗೆ ನಾನು ಬರೆದ ತಕರಾರು

ಜೀವಾವಧಿ ಶಿಕ್ಷೆಯಾದವನಿಗೆ ಮದುವೆಯಾಗಲು ಬಿಡಬೇಕೋ ಬಾರದೋ ಎಂದು ನಮ್ಮೂರಿನ ಹಿರಿಯರು ಒಂದು ಇಡೀ ಮಧ್ಯಾಹ್ನ ಚರ್ಚೆ ಮಾಡಿದರು. ಗುಡಿಯ ಕಟ್ಟೆಯ ಮೇಲೆ ಏಳು ಜನ ಕೂತಿದ್ದರು. ಅವರಲ್ಲಿ ಒಬ್ಬನಿಗೆ ನವಲಗುಂದದಲ್ಲಿ ಎರಡನೆಯ ಸಂಸಾರವಿತ್ತು. ಇನ್ನೊಬ್ಬ, ಹುಡುಗ ಕುಡಿಯುತ್ತಾನೆಂದು ಗೊತ್ತಿದ್ದೂ ನೀರಾವರಿ ಹೊಲವಿದೆಯೆಂದು ಮಗಳನ್ನು ಕೊಟ್ಟಿದ್ದ. ಅವಳು ಮೈಮೇಲೆ ಬಾಸುಂಡೆ ಹೊತ್ತು ಮೂರು ಸಲ ತವರಿಗೆ ಬಂದಿದ್ದಳು, ಮೂರು ಸಲವೂ ಸಂಜೆಯ ಬಸ್ಸಿಗೆ ಹತ್ತಿಸಿ ವಾಪಸು ಕಳಿಸಿದ್ದ. ಇಂಥವರು ಅವತ್ತು ಮದುವೆ ಎಂಬುದು ಎಷ್ಟು ಪವಿತ್ರವಾದದ್ದೆಂದು ಒಬ್ಬರಿಗೊಬ್ಬರು ವಿವರಿಸುತ್ತಿದ್ದರು. ನಾನು ಅವರ ನಡುವೆ ಕಾಗದ, ಪೆನ್ನು ಹಿಡಿದು ಕೂತಿದ್ದೆ. ಅವರು ಆಡಿದ್ದನ್ನು ಒಳ್ಳೆಯ ಕನ್ನಡಕ್ಕೆ ಇಳಿಸಿಕೊಡುವುದು ನನ್ನ ಕೆಲಸ.

ನಾನು ಆ ಊರಿನ ಸರಕಾರಿ ಶಾಲೆಯ ಹೆಡ್‌ಮಾಸ್ತರನಾಗಿದ್ದೆ. ಹೋದ ವರ್ಷ ನಿವೃತ್ತನಾದೆ. ತಿರ್ಲಾಪುರ ದಾಟಿ ಇನ್ನಷ್ಟು ದೂರ ಎರೆಹೊಲಗಳ ನಡುವೆ ಹೋದರೆ ಸಿಗುವ ಊರದು. ಹೆಸರು ಹೇಳುವುದಿಲ್ಲ, ಹೇಳಿದರೆ ಆ ಏಳು ಜನರಿಗೆ ತಾವು ಪ್ರಸಿದ್ಧರಾದೆವೆಂದು ಹೆಮ್ಮೆಯಾಗುತ್ತದೆ. ಬೋರ್‌ವೆಲ್ ಕೆಟ್ಟರೆ, ಕರೆಂಟಿನ ಟಿ.ಸಿ. ಸುಟ್ಟರೆ, ಬಸ್ಸು ನಿಲ್ಲಿಸದಿದ್ದರೆ, ಊರಿನ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಆಗಬೇಕು. "ಮಾಸ್ತರ್ರ ಅಕ್ಷರ ಅಂದ್ರ ಮುತ್ತು ಪೋಣಿಸಿದಂಗ" ಎನ್ನುತ್ತಿದ್ದರು. ಯಾರು ಹೊಗಳಿದರೂ ಅವರ ಕೆಲಸ ಮಾಡಿಕೊಡುವುದು ನನ್ನ ಚಟವಾಗಿತ್ತು.

ಕೊಲೆಯಾಗಿದ್ದು ಕಟ್ಟೆಯ ಆ ಚರ್ಚೆಗೆ ಹತ್ತು ವರ್ಷ ಮೊದಲು. ಕೊಂದವನು, ಸತ್ತವನು ಇಬ್ಬರೂ ಇಪ್ಪತ್ತೈದು, ಇಪ್ಪತ್ತಾರರ ಪ್ರಾಯದವರು, ಆಜೂಬಾಜೂ ಹೊಲದವರು. ಒಬ್ಬನ ಹೊಲಕ್ಕೆ ಹೋಗಬೇಕಾದರೆ ಇನ್ನೊಬ್ಬನ ಹೊಲದ ಅಂಚಿನ ಬಂಡಿದಾರಿ ಹಿಡಿಯಬೇಕು. ಹೆಸರುಕಾಳಿನ ಗಿಡ ಕೀಳುವ ಕಾಲಕ್ಕೆ ಆ ದಾರಿಗೆ ಜಾಲಿಮುಳ್ಳು ಬಿತ್ತು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಮಾತಿಗೆ ಮಾತು ಬೆಳೆಯಿತು. ಮುಳ್ಳು ಹಚ್ಚಿದವನು ಚಹಾ ಕುಡಿಯುತ್ತ ಅಲ್ಲೇ ಕೂತ. ದಾರಿ ಇಲ್ಲದವನು ಎದ್ದು ಮನೆಗೆ ಹೋಗಿ ಕೊಡಲಿ ತಂದ. ಹೋಗಿಬರಲು ಕಾಲು ತಾಸು ಬೇಕು. ಆ ಕಾಲು ತಾಸಿನಲ್ಲಿ ಅಂಗಡಿಯಲ್ಲಿದ್ದ ಹತ್ತು ಹನ್ನೆರಡು ಜನರಿಗೆ ಮುಂದೇನಾಗಲಿದೆಯೆಂದು ಹೊಳೆಯಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಒಬ್ಬನೂ ಅವನ ಹಿಂದೆ ಹೋಗಲಿಲ್ಲ, ಒಬ್ಬನೂ ಇವನನ್ನು ಎಬ್ಬಿಸಿ ಕಳಿಸಲಿಲ್ಲ. ನೋಡಲು ಕೂತರು.

ಕೋರ್ಟಿನಲ್ಲಿ ಆ ಹತ್ತು ಹನ್ನೆರಡು ಜನರಲ್ಲಿ ಕೆಲವರು ಅವತ್ತು ಸಂತೆಗೆ ಹೋಗಿದ್ದರು, ಕೆಲವರಿಗೆ ಜ್ವರ ಬಂದಿತ್ತು. ಕಟ್ಟೆಯ ಏಳು ಜನರಲ್ಲಿ ಮುಖ್ಯನಾದ ಹಿರಿಯ ಮಾತ್ರ "ನಾ ಬೆನ್ನ ಮಾಡಿ ಕುಂತಿದ್ನಿರಿ" ಎಂದ. ಕೊನೆಗೆ ಕಂಡದ್ದನ್ನು ಕಂಡ ಹಾಗೆ ಹೇಳಿದವನು ಕುರಿ ಹಿಂಡು ಹೊಡೆದುಕೊಂಡು ನಮ್ಮೂರ ಮೇಲೆ ಹಾದುಹೋಗುತ್ತಿದ್ದ ಯಾವುದೋ ಊರಿನ ಕುರುಬ. ಅವನಿಗೆ ಈ ಊರಿನಲ್ಲಿ ಯಾರೂ ಬೇಕಾದವರಿರಲಿಲ್ಲ. ಅವನ ಮಾತಿನ ಮೇಲೆ ಜೀವಾವಧಿ ಶಿಕ್ಷೆಯಾಯಿತು.

ಸತ್ತವನ ಹೆಂಡತಿಗೆ ಆಗ ಇಪ್ಪತ್ತಮೂರು ವರ್ಷ, ಕಂಕುಳಲ್ಲಿ ಎರಡು ವರ್ಷದ ಹೆಣ್ಣುಮಗು. ನಮ್ಮ ಶಾಲೆಯ ಬಿಸಿಯೂಟಕ್ಕೆ ಅಡುಗೆಯವಳಾಗಿ ಸೇರಿದಳು. ಹೊಲವನ್ನು ಆ ಮುಖ್ಯ ಹಿರಿಯನೇ ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡ. ಒಂಟಿ ಹೆಣ್ಣುಮಗಳು, ಪಾಪ, ಹೊಲ ಹೇಗೆ ನೋಡಿಕೊಳ್ಳುತ್ತಾಳೆ ಎಂಬ ಕಾಳಜಿಯಿಂದ. ಮೂರು ವರ್ಷವಾದ ಮೇಲೆ ಅಣ್ಣಿಗೇರಿಯಿಂದ ಒಬ್ಬ ಬಂದ. ಅಲ್ಲಿನ ಕಾಳಿನ ಅಡತಿ ಅಂಗಡಿಯಲ್ಲಿ ತೂಕ ಮಾಡುವವನು, ಹೆಂಡತಿ ತೀರಿಕೊಂಡಿದ್ದಳು. ತನ್ನ ಅಕ್ಕನನ್ನು ಕರೆದುಕೊಂಡು ಬಂದು ಇವಳನ್ನು ಉಡಕಿ ಮಾಡಿಕೊಳ್ಳುತ್ತೇನೆ, ಮಗುವನ್ನೂ ಸಾಕುತ್ತೇನೆ ಎಂದು ಕೇಳಿದ. ವಿಧವೆಯನ್ನು ಮದುವೆಯಾಗುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಅವಳು ಒಪ್ಪಿದ್ದಳು. ಅದೇ ಕಟ್ಟೆಯ ಮೇಲೆ ಮಾತು ನಡೆಯಿತು.

"ನಮ್ಮ ಮಂದ್ಯಾಗ ಆ ಪದ್ಧತಿ ಇಲ್ಲ" ಎಂದ ಹಿರಿಯ.

ಪದ್ಧತಿ ಅವರ ಮನೆಯಲ್ಲೇ ಇತ್ತು, ಅವನ ಅಜ್ಜಿಯೇ ಉಡಕಿಯಾಗಿ ಬಂದವಳು ಎಂಬುದು ಊರಿಗೆಲ್ಲ ಗೊತ್ತು. ಅವನ ಚಿಂತೆಯೆಲ್ಲ ಹೊಲದ್ದು. ಅವಳು ಅಣ್ಣಿಗೇರಿಗೆ ಹೋದರೆ ಲಾವಣಿಯೂ ಹೋಗುತ್ತಿತ್ತು. ಅವನು ನನ್ನತ್ತ ತಿರುಗಿ, "ನೀವೇನಂತೀರಿ ಮಾಸ್ತರ್ರ?" ಎಂದು ಕೇಳಿದ. ಕಲಿತವನೊಬ್ಬನ ಮಾತೂ ಜೊತೆಗಿರಲಿ ಎಂದು.

"ಹಿರಿಯಾರು ಹೇಳಿದಂಗರಿ" ಎಂದೆ.

ಅಣ್ಣಿಗೇರಿಯವನು ಚಪ್ಪಲಿ ಮೆಟ್ಟಿಕೊಂಡು ಹೋದ. ಮರುವರ್ಷ ಬೇರೆ ಕಡೆ ಮದುವೆಯಾದನೆಂದು ಕೇಳಿದೆ. ಅವಳು ಮರುದಿನ ಎಂದಿನ ಹೊತ್ತಿಗೆ ಶಾಲೆಗೆ ಬಂದು ಬೇಳೆ ತೊಳೆಯತೊಡಗಿದಳು. ನಾನು ಅಡುಗೆ ಕೋಣೆಯ ಕಡೆ ಹೋಗದೆ ಆಫೀಸಿನಲ್ಲೇ ಊಟ ತರಿಸಿಕೊಂಡೆ.

ಇನ್ನು ಮದುವೆಯ ಸುದ್ದಿ. ಕೊಲೆ ಮಾಡಿದವನಿಗೆ ಆ ಕೊಲೆಗೆ ಮೂರು ತಿಂಗಳ ಹಿಂದಷ್ಟೇ ಕುಂದಗೋಳದ ಹುಡುಗಿಯನ್ನು ಗೊತ್ತು ಮಾಡಿ ಉಡಿ ತುಂಬಿದ್ದರು. ಅವನು ಜೈಲಿಗೆ ಹೋದ ಮೇಲೆ ಆ ಸಂಬಂಧ ಅಲ್ಲಿಗೇ ಮುಗಿಯಿತೆಂದು ಎಲ್ಲರೂ ತಿಳಿದಿದ್ದೆವು. ಹತ್ತು ವರ್ಷದ ಮೇಲೆ ಅವಳು ಹೈಕೋರ್ಟಿಗೆ ಅರ್ಜಿ ಹಾಕಿದ್ದಾಳೆ, ಮದುವೆಯಾಗಲು ಅವನನ್ನು ಹದಿನೈದು ದಿನ ಪೆರೋಲಿನ ಮೇಲೆ ಬಿಡಬೇಕೆಂದು ಕೇಳಿದ್ದಾಳೆ ಎಂದು ಸುದ್ದಿ ಬಂತು. ಕೋರ್ಟು ಪೊಲೀಸರ ವರದಿ ಕೇಳಿತು, ಪೊಲೀಸರು ಊರಿನ ಅಭಿಪ್ರಾಯ ಕೇಳಿದರು. ಊರಿಗೆ ಅಭಿಪ್ರಾಯ ಕೇಳಿದರೆ ಮುಗಿಯಿತು.

ನಾನು ಬರೆದೆ. ಇವತ್ತಿಗೂ ಬಾಯಿಪಾಠವಿದೆ. "ಸದರಿ ಅಪರಾಧಿಯು ಗ್ರಾಮದಲ್ಲಿ ಕಾಲಿಟ್ಟಲ್ಲಿ ಶಾಂತಿ ಸುವ್ಯವಸ್ಥೆಗೆ ಭಂಗ ಬರುವುದಲ್ಲದೆ, ವಿವಾಹದಂತಹ ಪವಿತ್ರ ಸಂಸ್ಕಾರವು ಅಪವಿತ್ರಗೊಳ್ಳುವುದು. ಮೃತನ ಅಬಲೆ ಪತ್ನಿಯ ಗಾಯದ ಮೇಲೆ ಉಪ್ಪು ಸವರಿದಂತಾಗುವುದು." ಓದಿ ಹೇಳಿದಾಗ ಎರಡು ಸಂಸಾರದವನ ಕಣ್ಣಲ್ಲಿ ನೀರು ಬಂತು. ಏಳೂ ಜನ ಸಹಿ ಹಾಕಿದರು. ಎಂಟನೆಯ ಸಹಿ ನನ್ನದು.

ಎರಡು ವಾರದ ನಂತರ ಒಂದು ಭಾನುವಾರ ಹನ್ನೊಂದು ಗಂಟೆಯ ಬಸ್ಸಿಗೆ ಒಬ್ಬ ಹೆಣ್ಣುಮಗಳು ನಮ್ಮ ಮನೆ ಕೇಳಿಕೊಂಡು ಬಂದಳು. ಮೂವತ್ತೆರಡು, ಮೂವತ್ತಮೂರರ ವಯಸ್ಸು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ನನ್ನ ಹೆಂಡತಿ ನೀರು ಕೊಟ್ಟಳು. ಬಂದವಳು ಕುಡಿದು ಚೀಲದಿಂದ ಕಾಗದ ತೆಗೆದಳು.

"ನಾ ಕುಂದಗೋಳದಾಕಿರಿ. ಜೆರಾಕ್ಸ್ ಅಂಗಡ್ಯಾಗ ಕೆಲಸ ಮಾಡ್ತೇನಿ. ನೀವು ಬರದ ಅರ್ಜಿ ನಮ್ಮ ವಕೀಲರಿಗೆ ಬಂದೈತ್ರಿ. ಒಮ್ಮಿ ನೀವ ಓದ್ರಿ, ಕೇಳ್ತೇನಿ."

"ನೀನ ಓದೀದಿ ಅಲ್ಲವಾ" ಎಂದೆ.

"ನಾ ಓದೇನ್ರಿ. ನಿಮ್ಮ ಬಾಯಿಲೆ ಕೇಳಬೇಕಾಗೈತಿ."

ಓದಿದೆ. ಕಟ್ಟೆಯ ಮೇಲೆ ಓದಿದಾಗ ಇದ್ದ ಧ್ವನಿ ಬರಲಿಲ್ಲ. ನನ್ನ ಹೆಂಡತಿ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. ಓದಿ ಮುಗಿದ ಮೇಲೆ ಕುಂದಗೋಳದವಳು ಕೇಳಿದಳು, "ಅಬಲೆ ಅಂತ ಬರದೀರಲ್ಲ, ಅದು ಯಾರ್ರಿ?"

"ಸತ್ತವನ ಹೇಣ್ತಿ."

"ಅಕೀನ್ನ ಕೇಳಿ ಬರದ್ರೇನು?"

ನಾನು ಕನ್ನಡಕ ಒರೆಸಿಕೊಂಡೆ.

"ಕನ್ನಡ ಅಗದಿ ಛಲೋ ಐತ್ರಿ" ಎಂದು ಕಾಗದ ಮಡಿಚಿದಳು.

ಸೋತವನು ಉಪದೇಶಕ್ಕೆ ಇಳಿಯುತ್ತಾನೆ, ನಾನೂ ಇಳಿದೆ. "ಅಂವ ಒಂದು ಜೀವಾ ತಗದಾನವಾ. ಅದನ್ನ ಮರತೀಯೇನು?"

"ಎಲ್ಲಿ ಮರಿಯಾಕ ಬಿಟ್ಟಾರ್ರಿ? ಉಡಿ ತುಂಬಿ ಮೂರು ತಿಂಗಳಿಗೆ ಅಂವ ಕೊಡ್ಲಿ ಹಿಡದ. ಅದು ನನ್ನ ಕಾಲ್ಗುಣ ಅಂದ್ರು. ನಾಕು ಕಡಿಂದ ನೋಡಾಕ ಬಂದ್ರು. ಸುದ್ದಿ ತಿಳದ ಮ್ಯಾಲ ಚಹಾ ಸೈತ ಕುಡೀಲಾರದ ಎದ್ದು ಹೋದ್ರು. ಓಣ್ಯಾಗ ಯಾರ ಮನ್ಯಾಗ ಶುಭಕಾರ್ಯ ಇದ್ರೂ ನನ್ನ ಮುಂದ ಬರಬ್ಯಾಡ ಅಂತಾರ. ಹತ್ತು ವರ್ಷ ಅವನ ಹೆಸರಿಲೆ ಬೈಸಿಕೊಂಡೇನಿ. ಇನ್ನ ಅವನ್ನ ಮಾಡಿಕೊಂಡ ಬೈಸಿಕೊಂಡ್ರ ಏನ್ ಹೋತ್ರಿ ನಂದು?"

"ಅವನ ಮ್ಯಾಲ ಪ್ರೀತಿ ಐತೇನು?"

"ಅದನ್ನೂ ಅರ್ಜ್ಯಾಗ ಬರೀಬೇಕೇನ್ರಿ?"

ಅವಳು ಅಳುತ್ತಾಳೆ, ನಾನು ಸಮಾಧಾನ ಹೇಳುತ್ತೇನೆ ಎಂದು ಒಳಗೊಳಗೆ ಸಿದ್ಧನಾಗಿದ್ದೆ. ಅವಳು ಚಹಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೋದಳು. ನನ್ನ ಹೆಂಡತಿ ಅವತ್ತು ನನಗೆ ಊಟ ಬಡಿಸಿಟ್ಟು, ತನ್ನ ತಾಟು ಹಿಡಿದು ಒಳಗೆ ಹೋದಳು.

ಅದಾದ ಮೂರನೆಯ ದಿನ ಪಿ.ಎಸ್.ಐ. ಶಾಲೆಗೆ ಬಂದರು, ಸತ್ತವನ ಹೆಂಡತಿಯ ಹೇಳಿಕೆ ಬರೆದುಕೊಳ್ಳಲು. ಮುಖ್ಯ ಹಿರಿಯನೂ ಬೆನ್ನಿಗೆ ಬಂದ. ಅಡುಗೆ ಕೋಣೆಯ ಮುಂದೆ ಎರಡು ಕುರ್ಚಿ ಹಾಕಿಸಿದೆ. ಅವಳು ಸಾರು ಕುದಿಯುತ್ತಿದ್ದ ಪಾತ್ರೆಯ ಬಳಿಯೇ ನಿಂತು ಸೆರಗಿಗೆ ಕೈ ಒರೆಸಿಕೊಂಡಳು.

"ಅಂವಗ ಹದಿನೈದು ದಿನ ಬಿಟ್ರ ನಿಮಗೇನರ ತ್ರಾಸು ಐತೇನು?" ಪಿ.ಎಸ್.ಐ. ಕೇಳಿದರು.

"ತ್ರಾಸ ಆಗೂದಿಲ್ಲೇನ್ರಿ ಸಾಹೇಬ್ರ? ಪಾಪ, ಹೆಣಮಗಳು. ಬರಕೋರಿ" ಎಂದ ಹಿರಿಯ.

"ಅಕಿ ಹೇಳ್ಲಿ ತಡೀರಿ."

ಅವಳು ಸೌಟು ಬದಿಗಿಟ್ಟಳು. ಧ್ವನಿ ಏರಿಸಲಿಲ್ಲ. "ಅಂವ ಒಳಗ ಸಾಯಲಿ ಅಂತ ನನಗ ಇವತ್ತಿಗೂ ಅನಸ್ತೈತ್ರಿ. ಅದನ್ನ ಬರಕೋರಿ. ಆದ್ರ ಅಂವ ಲಗ್ನ ಆಗಲಿ, ಬಿಡಲಿ, ಅದನ್ನ ಹೇಳಾಕ ನಾ ಯಾರ್ರಿ? ನನ್ನ ಹೆಸರು ಹಾಕಿ ಅರ್ಜಿ ಬರದಾರಂತ. ಬರೀರಿ ಅಂತ ನಾ ಯಾರಿಗೂ ಹೇಳಿಲ್ಲ. ನನ್ನ ಗಂಡನ್ನ ಕಡಿಯುವಾಗ ಈ ಹಿರಿಯಾರು ಚಹಾದಂಗಡ್ಯಾಗ ಕುಂತಿದ್ರು. ಕೋರ್ಟಿನ್ಯಾಗ ಕೇಳಿದ್ರ ಬೆನ್ನ ಮಾಡಿ ಕುಂತಿದ್ನಿ ಅಂದ್ರು. ಆವಾಗ ಇರದ ಬಾಯಿ ಈಗ ಎಲ್ಲಿಂದ ಬಂತು, ಕೇಳ್ರಿ."

"ಏ ತಂಗಿ, ನಿನ್ನ ಸಲುವಾಗೇ…" ಹಿರಿಯ ಬಾಯಿ ತೆರೆದ.

"ಇನ್ನೊಂದು ಬರಕೋರಿ ಸಾಹೇಬ್ರ. ಕೊಂದಾಂವ ಲಗ್ನ ಆಗತೇನಿ ಅಂದ್ರ ದೊಡ್ಡ ಕೋರ್ಟು ಕುಂತು ಕೇಳತೈತಿ, ನೀವು ಇಲ್ಲಿತನಕಾ ಬಂದು ಕೇಳತೀರಿ. ನಾ ಆಗತೇನಿ ಅಂದಾಗ ಕಟ್ಟಿ ಮ್ಯಾಲ ಒಂದ ಮಾತಿಗೆ ಮುಗಸಿದ್ರು. ಮಾಸ್ತರ್ರೂ ಅಲ್ಲೇ ಇದ್ರು."

ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಪಿ.ಎಸ್.ಐ. ಪೆನ್ನು ಎತ್ತಿ, "ಅದು ಈ ಕೇಸಿಗೆ ಬರಂಗಿಲ್ಲವಾ" ಎಂದರು. ಮೊದಲಿನದನ್ನಷ್ಟೇ ಬರೆದುಕೊಂಡು ಸಹಿ ಮಾಡಿಸಿಕೊಂಡರು. ಹಿರಿಯ ಗೇಟಿನ ತನಕ ಹೋಗಿ ನನಗೆ ಕೇಳುವಂತೆ, "ಹೆಣಮಕ್ಕಳ ಕೈಯಾಗ ಸರಕಾರದ್ದು ಸೌಟು ಕೊಟ್ಟದ್ದ ತಪ್ಪಾತು" ಎಂದ. ಇದು ಅವನ ಪೂರ್ತಿ ಉತ್ತರ. ಅಷ್ಟು ವರ್ಷ ಇವನ ಮುಂದೆ ಎದ್ದು ನಿಂತು ನಮಸ್ಕಾರ ಮಾಡಿದ್ದೇನಲ್ಲ ಎಂದು ನನ್ನ ಮೊಣಕಾಲುಗಳ ಮೇಲೆ ನನಗೇ ಹೇಸಿಕೆಯಾಯಿತು.

ಮರುದಿನ ನಾನು ನವಲಗುಂದಕ್ಕೆ ಹೋಗಿ ತಕರಾರಿನಿಂದ ನನ್ನ ಸಹಿ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಸ್ಟೇಷನ್ನಿನಲ್ಲಿ ಬರೆದುಕೊಟ್ಟೆ. ಶೌರ್ಯವೇನಲ್ಲ, ವಿಧವೆಯ ಹೇಳಿಕೆ ಹೋದ ಮೇಲೆ ಆ ಕಾಗದಕ್ಕೆ ಬೆಲೆಯೇ ಉಳಿದಿರಲಿಲ್ಲ. ಅಲ್ಲಿನ ಪೇದೆ ಅದನ್ನು ಓದದೆ ಫೈಲಿಗೆ ಸೇರಿಸಿದ.

ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ: ಒಂದು ಜೀವ ತೆಗೆದವನಿಗೆ ಮದುವೆಯ ಸುಖ ಯಾಕೆ? ನನ್ನ ಉತ್ತರ ಒಂದೇ. ಮದುವೆಗೆ ಯೋಗ್ಯತೆ ನೋಡುವ ಪದ್ಧತಿ ನಮ್ಮಲ್ಲಿ ಯಾವತ್ತು ಇತ್ತು? ನೋಡಿದ್ದರೆ ನಮ್ಮೂರಿನಲ್ಲಿ ಅರ್ಧ ಹಂದರ ಏಳುತ್ತಿರಲಿಲ್ಲ. ಸಂಬಳ ನೋಡುತ್ತೇವೆ, ಹೊಲ ನೋಡುತ್ತೇವೆ, ಕುಲ ನೋಡುತ್ತೇವೆ. ಹುಡುಗ ಹೊಡೆಯುತ್ತಾನೋ ಎಂದು ಕೇಳಿದವಳಿಗೆ ನಾಲಿಗೆ ಉದ್ದವೆನ್ನುತ್ತೇವೆ. ಕೋರ್ಟು ಅವನಿಗೆ ಕೊಟ್ಟ ಶಿಕ್ಷೆ ಒಳಗಿರುವುದು. ಅದನ್ನು ಅವನು ಉಣ್ಣಲಿ. ಮದುವೆ ಕೇಳಿದವಳು ಹೊರಗಿನವಳು, ಬುದ್ಧಿ ನೆಟ್ಟಗಿದ್ದವಳು, ಯಾವ ತಪ್ಪೂ ಮಾಡದವಳು. ಅವಳನ್ನು ತಡೆಯಲು ನಾವು ಯಾರು? ಇದನ್ನು ಹೇಳಿದರೆ ಕೇಳಿದವರು, "ಹಂಗಂದ್ರ ಹೆಂಗ್ರಿ ಮಾಸ್ತರ್ರ" ಎಂದು ಹಲ್ಲು ಕಿರಿದು ಬೇರೆ ಮಾತು ತೆಗೆಯುತ್ತಾರೆ.

ಕೋರ್ಟು ಪೆರೋಲು ಕೊಟ್ಟಿತು. ಅವನು ಬಂದ. ನನಗೆ ಅವನ ಮೇಲೆ ಕರುಣೆ ಬರುತ್ತದೆಂದು ಯಾರಾದರೂ ತಿಳಿದಿದ್ದರೆ ತಪ್ಪು. ಹೋಗುವಾಗ ಒಣಗಿದ ತೊಗರಿಕಟ್ಟಿಗೆಯ ಹಾಗಿದ್ದವನು ಈಗ ಕೆನ್ನೆ ತುಂಬಿಕೊಂಡಿದ್ದ. ಒಳಗೆ ಬೇಕರಿಯ ಕೆಲಸವಂತೆ. ಮದುವೆಯ ಹಿಂದಿನ ದಿನ ಶಾಲೆಯ ಹತ್ತಿರ ಸಿಕ್ಕು ನನ್ನ ಕಾಲು ಮುಟ್ಟಿದ.

"ಎಲ್ಲಾ ದೇವರ ಆಟರಿ ಮಾಸ್ತರ್ರ. ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟಿದ್ನಿ" ಎಂದ.

ಕಾಲು ತಾಸು ನಡೆದಾಡಿ ಕೊಡಲಿ ತಂದದ್ದು ದೇವರೇನಪ್ಪ ಎಂದು ಕೇಳಬೇಕೆನಿಸಿತು. "ಸತ್ತವನ ಹೇಣ್ತಿ ಮನಿಗೆ ಹೋಗಿದ್ದೇನು?" ಎಂದಷ್ಟೇ ಕೇಳಿದೆ. ಹದಿನೈದು ದಿನದಲ್ಲಿ ಅವನು ಆ ಓಣಿಯ ಕಡೆ ತಲೆ ಹಾಕಲಿಲ್ಲ. ಕ್ಷಮೆ ಕೇಳಿದ್ದರೆ ಅವಳು ಏನನ್ನುತ್ತಿದ್ದಳೋ, ಆ ಪ್ರಶ್ನೆಯೇ ಏಳದಂತೆ ನೋಡಿಕೊಂಡ. ಕೊಡಲಿ ಎತ್ತುವ ಧೈರ್ಯಕ್ಕೂ ಆ ಓಣಿ ಹೊಗುವ ಧೈರ್ಯಕ್ಕೂ ಬಹಳ ದೂರ.

ಮದುವೆ ಅವನ ಮನೆಯ ಮುಂದೆಯೇ ಆಯಿತು. ಸಣ್ಣ ಹಂದರ, ಗೋದಿ ಹುಗ್ಗಿ, ಬದನೆಕಾಯಿ ಪಲ್ಯ. ಊರಿನ ಶಾಂತಿ ಸುವ್ಯವಸ್ಥೆಗೆ ಭಂಗ ಬರುವುದೆಂದು ಸಹಿ ಹಾಕಿದ್ದ ಏಳು ಜನರಲ್ಲಿ ಆರು ಜನ ಊಟಕ್ಕೆ ಬಂದರು. ಏಳನೆಯವನಿಗೆ ಕಾಲುನೋವು, ಡಬ್ಬಿ ಕಳಿಸಿ ತರಿಸಿಕೊಂಡ. ಮುಖ್ಯ ಹಿರಿಯ ಮೊದಲ ಪಂಕ್ತಿಯಲ್ಲಿ ಕೂತು ಹುಗ್ಗಿಗೆ ಎರಡು ಸಲ ತುಪ್ಪ ಹಾಕಿಸಿಕೊಂಡ. "ಹೆಣ್ಣಿಂದೇನ ತಪ್ಪ್ರಿ? ಹತ್ತು ವರ್ಷ ಕಾಯ್ದಾಳ. ಇಂಥಾಕಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು" ಎಂದು ಬಾಜು ಕೂತವನಿಗೆ ಹೇಳುತ್ತಿದ್ದ. ನಾನು ಅಕ್ಷತೆ ಹಾಕಿ ಉಣ್ಣದೆ ಬಂದೆ. ಉಣ್ಣದೆ ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಹದಿನೈದು ದಿನ ಮುಗಿದು ಅವನು ಒಳಗೆ ಹೋದ. ಅವಳು ಕುಂದಗೋಳದ ಕೆಲಸ ಬಿಡಲಿಲ್ಲ. ಹಬ್ಬಕ್ಕೆ ಅತ್ತೆಯ ಮನೆಗೆಂದು ನಮ್ಮೂರಿಗೆ ಬರುತ್ತಾಳೆ, ತಿಂಗಳಿಗೊಮ್ಮೆ ಜೈಲಿಗೆ ಹೋಗುತ್ತಾಳೆ. ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಹೇಗಿದ್ದೀಯವಾ ಎಂದೆ. "ಅಂವ ಒಳಗಿನ ಸಾರಿನ ಸುದ್ದಿ ಹೇಳ್ತಾನ್ರಿ, ನಾ ಬಸ್ಸಿನ ಸುದ್ದಿ ಹೇಳ್ತೇನಿ. ಅಷ್ಟರಾಗ ಟೈಮ್ ಮುಗೀತೈತಿ" ಎಂದಳು. ದುಃಖವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಆದರೆ ಓಣಿಯಲ್ಲಿ ಈಗ ಅವಳನ್ನು ಯಾರೂ ಏನೂ ಅನ್ನುವುದಿಲ್ಲವಂತೆ.

ಅನ್ನುವುದೇನು, ಕರೆದು ಕೂರಿಸುತ್ತಾರೆ. ಆ ವರ್ಷವೇ ಮುಖ್ಯ ಹಿರಿಯನ ಬಸುರಿ ಸೊಸೆಗೆ ಕುಬಸ, ಅಂದರೆ ಸೀಮಂತ, ಮಾಡಿದರು. ಊರಿನ ಮುತ್ತೈದೆಯರನ್ನೆಲ್ಲ ಕರೆದಿದ್ದರು. ನನ್ನ ಹೆಂಡತಿ ಹೋಗಿ ಅರ್ಧಕ್ಕೇ ಎದ್ದು ಬಂದಳು. ಯಾಕೆಂದು ಕೇಳಿದೆ.

"ಜೈಲಿನವನ ಹೇಣ್ತೀನ್ನ ನಟ್ಟನಡುವ ಕುಂಡ್ರಿಸಿ ಅರಿಷಿಣ, ಕುಂಕುಮ ಹಚ್ಚಿ ಉಡಿ ತುಂಬಿದ್ರು. ಅಕಿ ತುಂಬಿಸಿಕೊಂಡ್ಲು, ಅಕೀದೇನ ತಪ್ಪು ಬಿಡ್ರಿ. ಆದ್ರ ನಿಮ್ಮ ಸಾಲ್ಯಾಗ ಅಡಗಿ ಮಾಡಾಕಿಗೆ ಹುಗ್ಗಿ ಮಾಡಾಕ ಬಾ ಅಂತ ಹೇಳಿ ಕಳಿಸಿದ್ರಂತ. ಕೊಂದವನ ಹೇಣ್ತಿ ಮುತ್ತೈದಿ, ಸತ್ತವನ ಹೇಣ್ತಿ ಒಲಿ ಮುಂದ. ಇದನ್ನ ಹಿರಿಯಾರು ಅಂತೀರಿ ನೀವು."

"ನಾ ಈಗ ಅನ್ನೂದಿಲ್ಲ" ಎಂದೆ.

"ಮದ್ಲ ಅಂದಿದ್ರಿ" ಎಂದಳು.

ಮರುದಿನ ಬೆಳಿಗ್ಗೆ ಅಡುಗೆ ಕೋಣೆಗೆ ಹೋದೆ. ಅವಳು ಬೇಯಿಸಿದ ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿ ಸಿಪ್ಪೆ ಬಿಡಿಸುತ್ತಿದ್ದಳು. ನಿನ್ನೆ ಹೋಗಿದ್ದೆಯಾ ಎಂದು ಕೇಳಿದೆ.

"ಹೋಗಲಿಲ್ರಿ. ಹೊಲಾ ಲಾವಣಿಂದ ಬಿಡಿಸಿಕೊಂಡೇನಿ. ಮುಂದಿನ ಹಂಗಾಮಿಗೆ ನಮ್ಮ ಅಣ್ಣ ಬಂದು ಬಿತ್ತತಾನ. ಇನ್ನ ಅವರ ಮನಿಗೆ ಹೋಗೂ ಕೆಲಸ ಏನೈತ್ರಿ?"

ನಾನು ಒಲೆಯ ಹತ್ತಿರ ಹೋದೆ. "ಅವತ್ತು ಅಣ್ಣಿಗೇರಿಯವರು ಬಂದಾಗ ನಾ ಮಾತಾಡಬೇಕಾಗಿತ್ತು. ನಂದು ತಪ್ಪಾತು."

"ಹೌದ್ರಿ, ಆತು" ಎಂದಳು. ಇನ್ನೊಂದು ಮೊಟ್ಟೆ ಕೈಗೆತ್ತಿಕೊಂಡಳು. "ಇವತ್ತು ಬಾಳಿಹಣ್ಣ ಬೇಕನ್ನೂ ಹುಡುಗೂರು ಎಷ್ಟು ಮಂದಿ ಅದಾರ, ಕ್ಲಾಸಿನ್ಯಾಗ ಕೇಳಿ ಬರ್ರಿ."

ನಾನು ಕೇಳಿಬರಲು ಹೋದೆ.